ಎಂಬತ್ತು, ದಕ್ಷಿಣ

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಗೆರೆ ಇಲ್ಲ.
ಕಲ್ಲಿಲ್ಲ, ಗೂಟವಿಲ್ಲ, ಗಡಿ ಕಾಯುವ ನಾಯಿಯೂ ಇಲ್ಲ.
ಟ್ರ್ಯಾಕ್ಟರಿನ ಗಾಜಿನಾಚೆ ಬಿಳುಪು,
ಅದರಾಚೆ ಇನ್ನೊಂದು ಬಿಳುಪು,
ನಡುವಿನ ಹೊಲಿಗೆ ಕೂಡ ಕಾಣದು.

ನಕ್ಷೆಯಲ್ಲಿ ಮಾತ್ರ ಇದೆ:
ಭೂಮಿಯ ಕಣಕಾಲಿಗೆ ಯಾರೋ ಕಟ್ಟಿದ ಕರಿದಾರ.
ನೋಡುವ ಕಣ್ಣೇ ಇಲ್ಲದ ಕಡೆ
ಯಾರ ದೃಷ್ಟಿ ತಾಗೀತೆಂದು ಕಟ್ಟಿದರೋ.
ನಡುವಿನ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರು,
ಇಲ್ಲಿ ಏಳು ಸಾವಿರಕ್ಕೇ ಗಂಟು ಬೀಳುತ್ತದೆ.
ಸುತ್ತಿಡೀ ಹಿಮ. ಕೆಲವೆಡೆ ಹಿಮದಡಿ ಕಡಲು
ಕತ್ತಲಲ್ಲಿ ಮಗ್ಗುಲು ಬದಲಿಸುತ್ತದೆ, ಅಷ್ಟೆ.

ಎಂಬತ್ತು ದಾಟಿದವರು ಸಾವಿರ ಹುಣ್ಣಿಮೆ ಕಂಡವರಂತೆ.
ಈ ಎಂಬತ್ತರ ಲೆಕ್ಕವೇ ಬೇರೆ.
ನಡುಬೇಸಿಗೆಯ ಹುಣ್ಣಿಮೆ ಇಲ್ಲಿ ಹುಟ್ಟುವುದೇ ಇಲ್ಲ,
ಚಳಿಗಾಲದ್ದು ಮುಳುಗುವುದಿಲ್ಲ,
ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ
ದಿನಗಟ್ಟಲೆ, ಒಂದು ತೊಟ್ಟು ಎಣ್ಣೆ ಬಾರದೆ.

ನಾನು ಮೂರನೆಯ ಟ್ರ್ಯಾಕ್ಟರಿನವನು.
ಡೀಸೆಲ್ ಅಳೆಯುವುದು, ಸೂಪು ಕಾಯಿಸುವುದು,
ಮುಂದಿನವರ ಜಾಡಿನಲ್ಲಿ ಜಾಡು ಇಡುವುದು.
ಎಲ್ಲರಿಗಿಂತ ಮುಂದೆ ಮೊರಾಗ್,
ಬಿರುಕು ಹುಡುಕುವ ರೇಡಾರಿನ ಪರದೆಗೆ
ಮೂಗು ತಾಗಿಸಿಕೊಂಡು.
ಎರಡನೆಯದರಲ್ಲಿ ತಾಮಾಟಿ,
ನ್ಯೂಜಿಲೆಂಡಿನ ತುದಿಯ ಬ್ಲಫ್ ಊರಿನವನು,
ಸಿಂಪಿ ಹೆಕ್ಕುವ ದೋಣಿಯವರ ಮನೆತನ.
ದಿನಕ್ಕೊಂದು ಮಾತು, ಅದೂ ಹವೆಯ ಬಗ್ಗೆ.

ಡಿಸೆಂಬರ್ ಒಂಬತ್ತು.
ಗಡಿಯಾರ ರಾತ್ರಿ ಎನ್ನುತ್ತಿತ್ತು, ಸೂರ್ಯ ಒಪ್ಪಿರಲಿಲ್ಲ.
ಗೆರೆಗೆ ಇನ್ನೂ ಹದಿನಾರು ಕಿಲೋಮೀಟರಿದೆ ಎನ್ನುವಾಗ
ತಾಮಾಟಿ ನಿಂತ.
ಎಂಜಿನ್ನೂ ಆರಿಸಿದ.
ಇಲ್ಲಿ ಸುಮ್ಮಸುಮ್ಮನೆ ಯಾರೂ ಆರಿಸುವುದಿಲ್ಲ.
ರೇಡಿಯೊದಲ್ಲಿ ಮೊರಾಗ್: "ಕೆಟ್ಟಿತಾ?"
"ಇಲ್ಲ. ಅಪ್ಪ ಇಲ್ಲಿದ್ದಾನೆ."

ಇಪ್ಪತ್ತಾರು ವರ್ಷದ ಹಿಂದೆ ಇದೇ ದಾರಿಯಲ್ಲಿ ಬಂದವನು
ಸರಿಯಾಗಿ ಎಂಬತ್ತರ ಮೇಲೆ ಖಾಲಿ ಪೀಪಾಯಿ ನಿಲ್ಲಿಸಿ
ಕೆಂಪು ಬಣ್ಣದಲ್ಲಿ ೮೦ ಎಂದು ಬರೆದು
ಸೊನ್ನೆಯೊಳಗೆ ಕಣ್ಣು ಬಾಯಿ ಬಿಡಿಸಿ ಹೋಗಿದ್ದ.
ಗೆರೆ ಕದಲಲಿಲ್ಲ. ಹಿಮ ಕದಲಿತು.
ವರ್ಷಕ್ಕೆ ಆರುನೂರು ಮೀಟರಿನಂತೆ
ಪೀಪಾಯಿಯನ್ನು ಹೊತ್ತು
ಬಡಗಣಕ್ಕೆ, ಕಡಲಿನತ್ತ, ಮನೆಯ ದಿಕ್ಕಿಗೆ.
ಮನುಷ್ಯ ಮಾತ್ರ ಆಗಲೇ ಮನೆ ಮುಟ್ಟಿದ್ದ,
ಆಮೇಲೊಂದು ಜುಲೈಯಲ್ಲಿ ಫೋವೋ ಜಲಸಂಧಿಯಿಂದ
ದೋಣಿಯೊಂದೇ ದಡಕ್ಕೆ ಬಂತು.

ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ
ತಾಮಾಟಿ ಗುಣಾಕಾರ ಮಾಡಿಕೊಂಡಿದ್ದನ್ನು
ನಾನು ಮೊದಲೇ ನೋಡಿದ್ದೆ, ಡೀಸೆಲ್ ಲೆಕ್ಕವೆಂದುಕೊಂಡಿದ್ದೆ.

ಇಳಿದ. ಫ್ಲಾಸ್ಕಿನ ಟೀ ಅರ್ಧ ಕುಡಿದ.
ಉಳಿದರ್ಧವನ್ನು ಹಿಮದ ಮೇಲೆ ಸುರಿದ.
ಕಂದು ತೂತೊಂದು ಗೇಣುದ್ದ ಇಳಿದು ನಿಂತಿತು.
ಎಂಟು ಮೀಟರು ಇಳಿಯುವಷ್ಟು ಬಿಸಿ ಅದರಲ್ಲಿರಲಿಲ್ಲ.

ಮುಂದೆ ಒಂದೂವರೆ ತಾಸಿಗೆ ಅಸಲಿ ಎಂಬತ್ತು ಬಂತು.
ಪೆಟ್ಟಿಗೆಯ ಪರದೆಯಲ್ಲಿ ಸಾಲುಗಟ್ಟಿದ ಒಂಬತ್ತುಗಳು
ಒಮ್ಮೆಗೇ ಮಗುಚಿ ಸೊನ್ನೆಯಾದವು.
ಮೊರಾಗ್ ಆಚೆಗೊಂದು ಕಾಲು ಈಚೆಗೊಂದು ಕಾಲು ಇಟ್ಟು
ಫೋಟೊ ತೆಗೆಸಿಕೊಂಡಳು. ನಾನೂ ತೆಗೆಸಿಕೊಂಡೆ.
ನನ್ನ ಫೋಟೊದಲ್ಲಿ, ಹಿಂದೆ, ತಾಮಾಟಿ
ಇಳಿಯದೆ ಗಾಜಿನ ಮಂಜು ಕೆರೆಯುತ್ತಿದ್ದಾನೆ.

ಚಮಚ ತೊಳೆಯುತ್ತ ಲೆಕ್ಕ ಮುಂದುವರಿಸಿದೆ:
ಕಡಲಿಗೆ ಇನ್ನೂ ನಾನೂರು ವರ್ಷ, ಹೆಚ್ಚುಕಡಿಮೆ.
ಆಗ ಅಂಚು ಮುರಿದು, ಹಿಮಗುಡ್ಡದ ಹೊಟ್ಟೆಯೊಳಗೆ
ತೇಲಿ ಹೊರಟೀತು ಪೀಪಾಯಿ.
ಎಪ್ಪತ್ತರಲ್ಲೂ ಎಂಬತ್ತೆಂದೇ ಹೇಳಿಕೊಳ್ಳುತ್ತ,
ಅರವತ್ತರಲ್ಲೂ ಅದೇ ಮಾತು,
ಕರಗುವ ತನಕ, ಸೊನ್ನೆಯೊಳಗಿನ ಬಾಯಿಯಿಂದ.

ದಿನಚರಿಯಲ್ಲಿ ಬರೆಯಬೇಕಿತ್ತು:
ನಿಲುಗಡೆ ಹನ್ನೊಂದು ನಿಮಿಷ. ಕಾರಣ?
ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.
ಹವೆ, ಎಂದು ಬರೆದೆ.